ಆರು ಮೊಳ

ಶಿವರಾತ್ರಿ ಕಳೆದು ಹೊಂಗೆಮರಗಳು ಎಲೆ ಉದುರಿಸುತ್ತಿದ್ದವು. ಅಟ್ಟದ ಮೇಲೆ ಹನ್ನೊಂದು ತಿಂಗಳು ಮಲಗಿದ್ದ ಕಾಯಿಗಳನ್ನು ಇಳಿಸಿ ಸುಲಿಯುವ ಕೆಲಸ ಬೆಳಗಿನ ಚಳಿ ಬಿಡುವ ಮೊದಲೇ ಅಂಗಳದಲ್ಲಿ ಶುರುವಾಗಿತ್ತು. ಇಬ್ಬರು ಆಳುಗಳು ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿ ಒತ್ತಿ, ತಿರುಚಿ, ಮಟ್ಟೆ ಕಿತ್ತು ಎಸೆಯುತ್ತಿದ್ದರು. ಸುಲಿದದ್ದನ್ನು ಹೆಂಗಸರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಗಿಟುಕು ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಒಂದು ರಾಶಿಗೆ, ಸದ್ದಿಲ್ಲದ್ದು, ಮಂಕಾಗಿ ಸದ್ದು ಮಾಡುವ ಕೊಳೆತದ್ದು ಇನ್ನೊಂದಕ್ಕೆ. ಜಗಲಿಯ ಮೇಲೆ ಕೂತ ಶಂಭುಲಿಂಗಯ್ಯನಿಗೆ ಅಷ್ಟು ದೂರದಿಂದಲೇ ಯಾವುದು ಕೊಳೆತದ್ದು, ಯಾವುದು ಬಲಿತದ್ದು ಎಂದು ಕೇಳಿಸುತ್ತಿತ್ತು. ಒಡೆಯದೆ ಒಳಗಿನದನ್ನು ಹೇಳುವ ಈ ವಿದ್ಯೆ ಅವನ ಅಪ್ಪನಿಂದ ಬಂದದ್ದು; ಅದರ ಬಗ್ಗೆ ಅವನಿಗೆ ಎಂದೂ ಸಂಶಯ ಬಂದಿರಲಿಲ್ಲ. ಇವತ್ತು ಮಾತ್ರ ಕಿವಿ ಅಲ್ಲಿ ನಿಲ್ಲುತ್ತಿರಲಿಲ್ಲ. ಹುಣಸೆಮರದ ಕೆಳಗೆ ನಿಂತಿದ್ದ ಪಿಕಪ್ಪಿನ ಕಡೆಯಿಂದ ಸ್ಪಾನರ್ ಬಿದ್ದ ಸದ್ದು, ತಿಪಟೂರಿನಿಂದ ಮೊದಲ ಬಸ್ಸಿಗೇ ಬಂದಿದ್ದ ಸಣ್ಣತಿಮ್ಮಯ್ಯ ಮೇಸ್ತ್ರಿಯ ಗೊಣಗಾಟ, ನಡುನಡುವೆ ಡ್ರೈವರ್ ದುರ್ಗಯ್ಯನ ಒಂದೊಂದೇ ಮಾತು ಬರುತ್ತಿದ್ದವು. ದುರ್ಗಯ್ಯ ಮಾತು ಕಡಿಮೆ ಮಾಡಿ ಎರಡು ತಿಂಗಳಾಗಿತ್ತು.

ಪಿಕಪ್ಪು ಹುಟ್ಟಿನಲ್ಲಿ ಪೆಟ್ರೋಲಿನದು. ನಾಲ್ಕು ವರ್ಷದ ಹಿಂದೆ ಅದರ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದವನು ಇದೇ ಮೇಸ್ತ್ರಿ. ಹಿಂದಿನ ತೊಟ್ಟಿಗೆ ಮಾವಿನ ಹಲಗೆ ಏರಿಸಿ ಎತ್ತರ ಮಾಡಿಸಿದ್ದು, ಮುಂದೆ ಕಬ್ಬಿಣದ ತಡೆ ಹಾಕಿಸಿದ್ದು, ಹೋದ ದೀಪಾವಳಿಯ ಹೊತ್ತಿಗೆ ಬೆಂಗಳೂರಿನ ಮಿಲಿಟರಿ ಹರಾಜಿನಲ್ಲಿ ನಾಲ್ಕು ದೊಡ್ಡ ಟೈರು ತಂದು ತೊಡಿಸಿದ್ದು ಶಂಭುಲಿಂಗಯ್ಯ. ಮೊದಲೆಲ್ಲ ತೋಟದ ಬದು ದಾಟುವಾಗ ಗಾಡಿಯ ಹೊಟ್ಟೆ ನೆಲಕ್ಕೆ ಬಡಿಯುತ್ತಿತ್ತು. ಟೈರು ಬಂದ ಮೇಲೆ ಅದು ಆನೆಯ ಹಾಗೆ ಎದ್ದು ನಿಂತು ಬದುವನ್ನು ಲೆಕ್ಕಿಸದೆ ನಡೆಯಿತು. ಕಟ್ಟೆಯ ಮೇಲೆ ಕೂತವರು ಎದ್ದು ನೋಡಿದ್ದರು. ಆಮೇಲೆ, ಕಾರ್ತಿಕದ ಕೊನೆಗೆ, ಲೆಕ್ಕ ತಪ್ಪತೊಡಗಿತು. ಲೀಟರಿಗೆ ಹನ್ನೆರಡು ಕಿಲೋಮೀಟರು ಓಡುತ್ತಿದ್ದ ಗಾಡಿ ಹತ್ತಕ್ಕೂ ಕಡಿಮೆ ಓಡುತ್ತಿತ್ತು. ಎಂಜಿನ್ ಬದಲಾದಾಗಿನಿಂದ ಡೀಸೆಲ್ ಮುಳ್ಳು ಸತ್ತಿದ್ದರಿಂದ ಅವನೊಂದು ಉಪಾಯ ಮಾಡಿದ. ಉದ್ದನೆಯ ಗರಿಕಡ್ಡಿಯೊಂದನ್ನು ಆರಿಸಿ, ಐದೈದು ಲೀಟರಿಗೆ ಒಂದೊಂದು ಗೆರೆ ಕೊಯ್ದು, ದುರ್ಗಯ್ಯ ಮನೆಗೆ ಹೋದ ಮೇಲೆ ಟ್ಯಾಂಕಿಗೆ ಇಳಿಬಿಟ್ಟು ನೋಡುತ್ತಿದ್ದ. ಕಡ್ಡಿಯನ್ನು ಒರೆಸಿ ದೇವರ ಪಟದ ಹಿಂದೆ ಬಚ್ಚಿಡುತ್ತಿದ್ದ. "ದೇವರ ಮನೇಲಿ ಡೀಸೆಲ್ ವಾಸನೆ ಹೊಡೀತೈತೆ ಕಣ್ರೀ" ಎಂದು ಹೆಂಡತಿ ಗಿರಿಜಾಂಬಿಕಾ ಒಂದು ಬೆಳಿಗ್ಗೆ ಅಂದಾಗ, "ಊದಿನಕಡ್ಡಿ ಹಳೇದು ಕಣೇ" ಎಂದು ಬಿಟ್ಟಿದ್ದ. ಅವಳು ಪಟದ ಹಿಂದಿನಿಂದ ಕಡ್ಡಿ ಎಳೆದು, ಮೂಸಿ, ಏನೂ ಅನ್ನದೆ ಅಲ್ಲೇ ಇಟ್ಟಿದ್ದಳು. ಆ ಅನ್ನದಿರುವುದು ಇನ್ನೂ ಅವನ ಬೆನ್ನಿಗೆ ಅಂಟಿಕೊಂಡಂತಿತ್ತು.

"ಶಂಭಣ್ಣ, ಆಯ್ತು ಬನ್ನಿ" ಎಂದು ಮೇಸ್ತ್ರಿ ಕೂಗಿದ.

ಅವನು ಎದ್ದು ಹೋದ. ಮೇಸ್ತ್ರಿ ಬೆಳಗಿನಿಂದ ನೋಡಬೇಕಾದ್ದನ್ನೆಲ್ಲ ನೋಡಿದ್ದ. ಎಂಜಿನ್ನಿಗೆ ಗಾಳಿ ಸೋಸುವ ಡಬ್ಬಿ ಬಿಚ್ಚಿ ಧೂಳು ಒದರಿದ್ದ. ಹೊಗೆಗೆ ಬಿಳಿ ಬಟ್ಟೆ ಹಿಡಿದು ಮಸಿ ನೋಡಿದ್ದ. ಬ್ರೇಕು ಕಚ್ಚಿಕೊಂಡಿದೆಯೋ ಎಂದು ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ತಳ್ಳಿಸಿದ್ದ. ಅಡಿಯಲ್ಲಿ ಮಲಗಿ ಪೈಪಿನ ಕೀಲುಗಳಿಗೆ ಬೆರಳು ಒತ್ತಿ ತೇವ ಹುಡುಕಿದ್ದ. ಎಲ್ಲೂ ಏನೂ ಸಿಕ್ಕಿರಲಿಲ್ಲ. ಈಗ ಮುಂದಿನ ಗಾಜಿನ ಒಳಬದಿಗೆ ಕನ್ನಡಿಯ ಕಂಬಿಗೆ ಒಂದು ಲೀಟರಿನ ಬಾಟಲಿಯನ್ನು ತಂತಿಯಿಂದ ತೂಗುಹಾಕಿದ್ದ. ಅದರಿಂದ ಒಂದು ಪೈಪು ಎಂಜಿನ್ನಿಗೆ ಇಳಿದಿತ್ತು. ಎಂಜಿನ್ ಕುಡಿದು ಮಿಕ್ಕಿದ್ದನ್ನು ವಾಪಸು ತರುವ ಇನ್ನೊಂದು ಪೈಪು ಬಾಟಲಿಯ ಬಾಯಿಗೇ ಬಂದು ಸೇರಿತ್ತು. ಟ್ಯಾಂಕಿಗೂ ಎಂಜಿನ್ನಿಗೂ ಈಗ ಸಂಬಂಧವಿರಲಿಲ್ಲ. "ಇದ್ರಾಗಿರೋದು ಒಂದೇ ಲೀಟ್ರು. ಯಾರೂ ಮುಟ್ಟಂಗಿಲ್ಲ, ಎಲ್ಲರ ಕಣ್ಮುಂದೆ ನೇತಾಡ್ತೈತೆ" ಎಂದ ಮೇಸ್ತ್ರಿ. "ಇದು ಮುಗಿಯೋತಂಕ ಓಡ್ಸೋದು. ಮೀಟ್ರು ಹನ್ನೆರಡು ತೋರಿಸ್ತೋ, ಗಾಡಿ ಚೆನ್ನಾಗೈತೆ, ಎಣ್ಣೆ ಬ್ಯಾರೆ ಎಲ್ಲೋ ಹೋಗ್ತೈತೆ. ಹತ್ತರ ಒಳಗೇ ನಿಂತೋಯ್ತೋ, ಗಾಡೀನೇ ಕುಡೀತೈತೆ, ಯಾರೂ ಕದ್ದಿಲ್ಲ. ಅಷ್ಟೇಯ."

ದುರ್ಗಯ್ಯ ಪಿಕಪ್ಪಿನ ಆ ಬದಿಯಲ್ಲಿ ನಿಂತು ಗಾಜು ಒರೆಸುತ್ತಿದ್ದ. ನಿನ್ನೆ ಸಂಜೆ ಬಂದು ಜಗಲಿಯ ಕೆಳಗೆ ನಿಂತು ಅವನು ಹೇಳಿದ್ದ: "ಯಜಮಾನ್ರೇ, ತುರುವೇಕೆರೇಲಿ ಒಬ್ರು ಲಾರಿಗೆ ಕರೆದವ್ರೆ. ಆಣೆ ಹಾಕಿಸ್ಕಂಡೋನು ಅಂತ ಅವರ ಕಿವಿಗೂ ಬಿದ್ದೈತೆ. ಮೇಸ್ತ್ರೀನ ಕರೆಸಿ ಪರೀಕ್ಷೆ ಮಾಡಿಸ್ಬುಡಿ. ಕದ್ದಿದ್ರೆ ಕೆಂಪಮ್ಮನ ಗುಡಿ ಕಲ್ಲತ್ರ ನಿಂತು ಕದ್ದೆ ಅಂತೀನಿ. ಇಲ್ಲದಿದ್ರೆ ನೀವು ಅದೇ ಕಲ್ಲತ್ರ ಆಣೆ ಬಿಡಿಸ್ಬೇಕು. ಅವತ್ತಿದ್ದೋರು ಕೇಳಂಗೆ." ಇಷ್ಟು ಮಾತನ್ನು ಅವನು ದಾರಿಯುದ್ದಕ್ಕೂ ಒಪ್ಪ ಮಾಡಿಕೊಂಡು ಬಂದದ್ದು ಗೊತ್ತಾಗುವಂತಿತ್ತು. ಶಂಭುಲಿಂಗಯ್ಯ ಎಲೆಯಡಿಕೆ ಜಗಿಯುತ್ತ, "ಆಗ್ಲಿ ಬಾರ್ಲಾ" ಎಂದಿದ್ದ. ಅಷ್ಟು ಸಲೀಸಾಗಿ ಅಂದದ್ದಕ್ಕೆ ಕಾರಣವಿತ್ತು. ಅವನಿಗೆ ಖಾತ್ರಿಯಿತ್ತು. ರಾತ್ರಿ ಮಲಗಿದ ಮೇಲೆ ಆ ಖಾತ್ರಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಏನೂ ಸದ್ದು ಬರಲಿಲ್ಲ.

ಎಡಗಡೆಯ ಬಾಗಿಲಿನ ಒಳಹಿಡಿ ಮುರಿದು ಎರಡು ವರ್ಷವಾಗಿತ್ತು. ಹತ್ತುವಾಗಲೂ ಇಳಿಯುವಾಗಲೂ ದುರ್ಗಯ್ಯ ಸುತ್ತಿಕೊಂಡು ಬಂದು ಹೊರಗಿನಿಂದ ತೆಗೆಯುತ್ತಿದ್ದ. ಇವತ್ತೂ ಬಂದು ತೆಗೆದು, ಯಜಮಾನ ಕೂತ ಮೇಲೆ ಎರಡು ಸಲ ತಳ್ಳಿ ಮುಚ್ಚಿದ. ಮೇಸ್ತ್ರಿ ನಡುವೆ ಕೂತ. ಮೂವರೂ ಒಂದೇ ಸೀಟಿನಲ್ಲಿ, ಮೊಣಕಾಲಿಗೆ ಮೊಣಕಾಲು ತಗುಲಿಸಿಕೊಂಡು. ಊರ ಬಾಗಿಲಲ್ಲಿ ಕೆಂಪಮ್ಮನ ಗುಡಿ ಬಂತು. ಎದುರಿನ ಅರಳೀಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದವರಲ್ಲಿ ಲಕ್ಕಯ್ಯ ಕೈಯೆತ್ತಿ, "ಎಲ್ಲಿಗಣ್ಣ, ಬಾಟ್ಲಿ ಕಟ್ಕೊಂಡು?" ಅಂದ. ಶಂಭುಲಿಂಗಯ್ಯ ಕೇಳಿಸದವನಂತೆ ಮುಂದೆ ನೋಡಿದ. ಗುಡಿಯ ಹೊರಗೆ ಕಾಯಿ ಒಡೆಯುವ ಕಲ್ಲು ಹಾಗೇ ಇತ್ತು. ಅದರ ಮೇಲೆ ಒಂದು ಕಪ್ಪು ಕಲೆ ಇದೆಯೆಂದು ಅವನಿಗೆ ಗೊತ್ತಿತ್ತು. ಸಂಕ್ರಾಂತಿಯ ಮಾರನೆಯ ದಿನ ಇದೇ ಲಕ್ಕಯ್ಯ ಇದೇ ಕಟ್ಟೆಯ ಮೇಲೆ, "ಏನ್ ಶಂಭಣ್ಣ, ನಿನ್ ಗಾಡಿಗಿಂತ ನಿನ್ ಡ್ರೈವರೇ ಜಾಸ್ತಿ ಡೀಸೆಲ್ ಕುಡೀತಾನಂತೆ" ಅಂದಿದ್ದ. ಹತ್ತು ಜನ ನಕ್ಕಿದ್ದರು. ನಕ್ಕದ್ದು ದುರ್ಗಯ್ಯನನ್ನೋ ತನ್ನನ್ನೋ ಎಂದು ಆ ಕ್ಷಣ ಅವನಿಗೆ ತಿಳಿಯಲಿಲ್ಲ. ತಿಳಿಯದ್ದರಿಂದಲೇ ಇರಬೇಕು, ಎದ್ದು ಪೂಜಾರಿಯಿಂದ ಕರ್ಪೂರ ತರಿಸಿದ. ದುರ್ಗಯ್ಯನ ಜನ ಗುಡಿಯ ಹೊಸ್ತಿಲು ದಾಟುವ ರೂಢಿಯಿಲ್ಲದ್ದರಿಂದ ಕಾಯಿ ಒಡೆಯುವ ಕಲ್ಲಿನ ಮೇಲೆ ಹಚ್ಚಿದ್ದಾಯಿತು. "ಕದ್ದಿಲ್ಲ ಅಂದ್ರೆ ಆರಿಸ್ಲಾ" ಎಂದ. ಯಾರೇ ಆದರೂ ಕರ್ಪೂರವನ್ನು ಅಂಗೈಯಿಂದ ಫಟ್ಟನೆ ಬಡಿದು ಆರಿಸಿ ಕೈ ತೆಗೆಯುತ್ತಾರೆ. ದುರ್ಗಯ್ಯ ಅಂಗೈಯನ್ನು ನಿಧಾನ ಇಳಿಸಿ ಉರಿಯ ಮೇಲಿಟ್ಟು, ಶಂಭುಲಿಂಗಯ್ಯನ ಮುಖವನ್ನೇ ನೋಡುತ್ತ, ಅಲ್ಲೇ ಬಿಟ್ಟಿದ್ದ. "ಸಾಕು ತೆಗಿಯೋ" ಎಂದು ಯಾರೋ ಹೇಳಬೇಕಾಯಿತು. ಹೇಳಿದವನು ತಾನಾಗಿರಲಿಲ್ಲ.

ಹಂದನಕೆರೆಯ ಕಡೆಯ ದಾರಿ ಬಿಟ್ಟು ತಿಪಟೂರಿನ ರಸ್ತೆಗೆ ಹತ್ತಿದ ಮೇಲೆ, ಇಪ್ಪತ್ತಮೂರನೆಯ ಕಲ್ಲಿನ ಎದುರಿಗೆ ಮೇಸ್ತ್ರಿ ಗಾಡಿ ನಿಲ್ಲಿಸಲು ಹೇಳಿದ. ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಿಸಿದ. ಶಂಭುಲಿಂಗಯ್ಯ ಜೇಬಿನಿಂದ ಚೀಟಿ ತೆಗೆದು ಮೀಟರಿನ ಅಂಕಿ ಬರೆದುಕೊಂಡ. ಕೊನೆಯ ಕೆಂಪು ಅಂಕಿಯನ್ನೂ ಬಿಡದೆ ಬರೆದ. "ನೀನೂ ನೋಡ್ಲಾ" ಎಂದ. "ನೋಡ್ದೆ ಯಜಮಾನ್ರೇ" ಎಂದ ದುರ್ಗಯ್ಯ, ನೋಡದೆ.

ಗಾಡಿ ಹೊರಟಿತು. ಎರಡೂ ಬದಿಯಲ್ಲಿ ತೋಟಗಳು, ನಡುನಡುವೆ ರಾಗಿ ಕೊಯ್ದ ಬೋಳು ಹೊಲಗಳು. ಬಾಟಲಿ ತೂಗುತ್ತ ಗಾಜಿಗೆ ಟಣ್ ಟಣ್ ಎಂದು ತಾಗುತ್ತಿತ್ತು. "ಆಸ್ಪತ್ರೆಗೆ ಹೋದಂಗೈತೆ" ಎಂದು ಮೇಸ್ತ್ರಿ ಬಾಟಲಿಯ ಅಡಿಗೆ ಕೈ ಕೊಟ್ಟ, "ಗಾಡಿಗೆ ಗ್ಲೂಕೋಸು." ಶಂಭುಲಿಂಗಯ್ಯನ ಕಣ್ಣು ಬಾಟಲಿಯಿಂದ ಮೀಟರಿಗೆ, ಮೀಟರಿನಿಂದ ಬಾಟಲಿಗೆ ಹೋಗಿ ಬರುತ್ತಿತ್ತು. ಎರಡು. ಎರಡೂವರೆ. ಡೀಸೆಲ್ ಇಳಿಯುವುದು ಕಾಣುತ್ತಿರಲಿಲ್ಲ, ಇಳಿದಿರುವುದು ಕಾಣುತ್ತಿತ್ತು. ಅವನಿಗೆ ದುರ್ಗಯ್ಯನ ಬಲಗೈ ಕಾಣುತ್ತಿತ್ತು. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಅಂಗೈ ಅರ್ಧ ತೆರೆದು ನಡುವಿನಲ್ಲಿ ಬಿಳಿಚಿಕೊಂಡ ಚರ್ಮ ಕಂಡು ಮರೆಯಾಗುತ್ತಿತ್ತು. ಗಾಡಿ ಹನ್ನೆರಡು ಓಡಬೇಕು. ಓಡಲಿ. ಓಡಿದರೆ ಈ ಅಂಗೈ ಕಳ್ಳನ ಅಂಗೈ, ಆ ಸುಟ್ಟದ್ದು ನ್ಯಾಯವಾದದ್ದು. ಅವನು ಕೆಂಪಮ್ಮನನ್ನು ನೆನೆಯಲು ಹೋಗಿ, ಯಾವ ಕಡೆಗೆ ಬೇಡಿಕೊಳ್ಳಬೇಕೆಂದು ತಿಳಿಯದೆ ಬಿಟ್ಟ. ಮುಂದೆ ಕುರಿಹಿಂಡು ಅಡ್ಡ ಬಂತು. ದುರ್ಗಯ್ಯ ಬ್ರೇಕ್ ತುಳಿದ.

"ಯಾಕ್ಲಾ ತುಳೀತೀಯ, ಸುಮ್ಸುಮ್ಕೆ?"

"ಕುರಿ ಐತೆ ಯಜಮಾನ್ರೇ."

"ಹಂಗೇ ಹತ್ತಿಸ್ಬುಡು ದುರ್ಗಣ್ಣ" ಎಂದ ಮೇಸ್ತ್ರಿ, "ಎಣ್ಣೆ ಉಳೀತೈತೆ. ಸಂಜೆ ಸಾರೂ ಆಯ್ತದೆ."

ಶಂಭುಲಿಂಗಯ್ಯನ ಮುಖ ಬಿಸಿಯಾಯಿತು. ಮೇಸ್ತ್ರಿ ತನ್ನೆದುರಿಗೇ ಡ್ರೈವರನ್ನು ದುರ್ಗಣ್ಣ ಅಂದದ್ದೂ, ಬಾಯಿ ತೆಗೆದರೆ ಎಲ್ಲವನ್ನೂ ತಮಾಷೆ ಮಾಡುವುದೂ ಅವನಿಗೆ ಹಿಡಿಸಲಿಲ್ಲ. ಕುರಿಗಳು ಅವಸರವಿಲ್ಲದೆ ದಾಟಿದವು. ಎಂಜಿನ್ ನಿಂತಲ್ಲೇ ಗುಡುಗುಡು ಎನ್ನುತ್ತ ಬಾಟಲಿಯಿಂದ ಹೀರುತ್ತಿತ್ತು. ಕೊನೆಯಲ್ಲಿ ಒಂದು ಎಳೆಯ ಮರಿ ರಸ್ತೆಯ ನಡುವೆ ನಿಂತು ಗಾಡಿಯನ್ನೇ ನೋಡಿತು. ಕರು ಕೂಡ ಹಾಗೇ ನೋಡುತ್ತಿತ್ತು. ದುರ್ಗಯ್ಯನ ಮನೆಯ ಮುಂದೆ ಕಟ್ಟಿರುತ್ತಿದ್ದ ಕೆಂದಗರು. ಗಾಡಿ ಹೋದರೆ ಸಾಕು, ಹಗ್ಗ ಎಳೆದು ನಿಲ್ಲುತ್ತಿತ್ತು. ಕರ್ಪೂರ ಆರಿಸಿದ ಹದಿನೈದು ದಿನಕ್ಕೆ ಅದು ಹೊಟ್ಟೆಯುಬ್ಬರ ಬಂದು ಸತ್ತಿತು. ಆಣೆ ತಗುಲಿತು ಎಂದು ಊರು ಆಡಿತು. ಸುದ್ದಿ ತಂದವಳು ಗಿರಿಜಾಂಬಿಕಾ. "ಪಾಪದ್ದು, ಬಾಯಿಲ್ಲದ್ದು" ಎಂದಳು. ಅವನು "ಹೂಂ" ಎಂದು ಮಗ್ಗುಲಾದ. ಆ ರಾತ್ರಿ ಎಷ್ಟೋ ವಾರಗಳ ಮೇಲೆ ಮೈಮೇಲೆ ಎಚ್ಚರವಿಲ್ಲದಂತೆ ನಿದ್ದೆ ಬಂದಿತ್ತು. ಬೆಳಿಗ್ಗೆ ಎದ್ದಾಗ ಮೈ ಹಗುರಾಗಿತ್ತು, ಕಾಫಿ ರುಚಿಯಾಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅನ್ನಿಸಿರಲೂ ಇಲ್ಲ. ಈಗ ಈ ಸೀಟಿನಲ್ಲಿ, ಡೀಸೆಲ್ ವಾಸನೆಯಲ್ಲಿ, ಆ ಕಾಫಿಯ ರುಚಿ ನಾಲಿಗೆಗೆ ಬಂತು.

"ಎಷ್ಟಾಯ್ತು ನೋಡಿ" ಎಂದ ಮೇಸ್ತ್ರಿ.

"ಏಳೂ ಮುಕ್ಕಾಲು."

ಬಾಟಲಿಯಲ್ಲಿ ಕಾಲುಭಾಗಕ್ಕಿಂತ ಕಡಿಮೆ ಉಳಿದಿತ್ತು. ಎಂಟು. ಎಂಟೂಕಾಲು. ಲೆಕ್ಕ ಅವನಿಗೆ ಬೇಡವೆಂದರೂ ತಾನಾಗಿ ಆಗುತ್ತಿತ್ತು. ಇಲ್ಲಿ ಇಳಿಜಾರು ಇದೆ, ಇಳಿಜಾರಿನಲ್ಲಿ ಸ್ವಲ್ಪ ಉಳಿಯಬಹುದು. ಉಳಿಯಿತು, ಆದರೆ ಆಮೇಲೆ ಏರು ಬಂತು. ಬಾಟಲಿಯ ತಳದಲ್ಲಿ ಒಂದು ಬೆರಳಷ್ಟು ಇದ್ದದ್ದು ಗುಳುಗುಳು ಎಂದಿತು. ಪೈಪಿನಲ್ಲಿ ಗುಳ್ಳೆಗಳು ಸಾಲಾಗಿ ಓಡಿದವು. ಎಂಜಿನ್ ಒಂದು ಸಲ ಕೆಮ್ಮಿ, ಇನ್ನೊಂದು ಸಲ ಕೆಮ್ಮಿ, ಸುಮ್ಮನಾಯಿತು. ದುರ್ಗಯ್ಯ ಗಾಡಿಯನ್ನು ಉರುಳುವಷ್ಟು ಉರುಳಿಸಿ ಎಡಕ್ಕೆ ಒಂದು ಬೇವಿನಮರದ ನೆರಳಿಗೆ ಬಿಟ್ಟು ಬ್ರೇಕ್ ಎಳೆದ. ತೋಟದೊಳಗೆಲ್ಲೋ ಒಂದು ಗರಿ ಬಿದ್ದ ಸದ್ದು ಕೇಳಿಸಿತು.

ಚೀಟಿಯ ಅಂಕಿ ಕಳೆದರೆ ಒಂಬತ್ತು, ಮುಂದೆ ಕೆಂಪು ಆರು. ದಿನವೂ ಗರಿಕಡ್ಡಿ ಹೇಳುತ್ತಿದ್ದ ಲೆಕ್ಕವೇ. ಒಂದು ಹನಿಯೂ ಆಚೆ ಈಚೆ ಹೋಗಿರಲಿಲ್ಲ, ಎಂದೂ ಹೋಗಿರಲಿಲ್ಲ. ದುರ್ಗಯ್ಯ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟು ಮುಂದೆ ನೋಡುತ್ತಿದ್ದ. ಅವನು ಏನಾದರೂ ಅಂದಿದ್ದರೆ, ನೋಡಿದ್ರಾ ಎಂದೋ, ಅಮ್ಮ ಕಾಪಾಡಿದ್ಲು ಎಂದೋ, ಅದನ್ನು ಹಿಡಿದುಕೊಂಡು ತಾನೂ ಏನಾದರೂ ಅನ್ನಬಹುದಿತ್ತು. ಶಂಭುಲಿಂಗಯ್ಯ ಮೇಸ್ತ್ರಿಯ ಕಡೆ ತಿರುಗಿದ. ತಿರುಗಲು ಇನ್ನೊಂದು ಮುಖ ಇದ್ದದ್ದು ಅವನಿಗೆ ಪುಣ್ಯವೆನಿಸಿತು.

"ಹಂಗಾದ್ರೆ ನೀನು ಕೂರಿಸಿದ ಎಂಜಿನ್ನೇ ಕಳ್ಳ ಆಯ್ತಲ್ಲ ಮೇಸ್ತ್ರಿ."

ಸಣ್ಣತಿಮ್ಮಯ್ಯನ ಮುಖದಿಂದ ತಮಾಷೆ ಇಳಿಯಿತು. "ಹಂಗನ್ಬೇಡಿ ಶಂಭಣ್ಣ. ನನ್ ಕೈಯಾಗಿನ ಎಂಜಿನ್ನು. ಅದರ ಉಸಿರು ನಂಗೊತ್ತು" ಎಂದು, ದುರ್ಗಯ್ಯ ಇಳಿದ ಕೂಡಲೇ ಅವನ ಬದಿಯಿಂದಲೇ ಇಳಿದು ಹೋದ. ದುರ್ಗಯ್ಯ ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದ. ಮೇಸ್ತ್ರಿ ನಾಲ್ಕೂ ಚಕ್ರದ ನಡುಮಧ್ಯಕ್ಕೆ ಅಂಗೈ ಒತ್ತಿ ಬಂದ. ಬಿಸಿಯಿರಲಿಲ್ಲ, ಬ್ರೇಕು ಕಚ್ಚಿರಲಿಲ್ಲ. ಬೀಡಿ ಹಚ್ಚಿ ಗಾಡಿಯನ್ನೊಮ್ಮೆ, ಬಂದ ದಾರಿಯನ್ನೊಮ್ಮೆ ನೋಡಿದ. ಐವತ್ತು ಮಾರು ಹಿಂದಕ್ಕೆ ನಡೆದು, ಕೊಂಚ ಮುಂದಕ್ಕೂ ಹೋಗಿ ಬಂದ. ಬಂದವನು ಬೀಡಿ ಸೇದುವುದನ್ನು ಮರೆತಿದ್ದ.

"ಹೊಂಟಿದ್ದು ಯಾವ ಕಲ್ಲು?"

"ಇಪ್ಪತ್ಮೂರು" ಎಂದ ದುರ್ಗಯ್ಯ.

"ಹಿಂದ್ಗಡೆ ಹನ್ನೆರಡರ ಕಲ್ಲು ದಾಟಿ ಬಂದೀವಿ. ಮುಂದೆ ಹನ್ನೊಂದರದ್ದು ಕಾಣ್ತೈತೆ. ನಡುವೆ ನಿಂತೀವಿ." ಬೆರಳು ಮಡಿಚಿದ. "ಹನ್ನೊಂದೂವರೆ ಬಂದೀವಿ ಶಂಭಣ್ಣ. ಮೀಟ್ರು ಒಂಬತ್ತೂ ಚಿಲ್ರೆ ಅಂತೈತೆ."

"ಕಲ್ಲು ನೆಟ್ಟೋರು ತಪ್ಪು ನೆಟ್ಟಿರ್ತಾರೆ" ಎಂದ ಶಂಭುಲಿಂಗಯ್ಯ. ಅಂದ ಮೇಲೆ ಅದರ ಬಣ್ಣ ಅವನಿಗೇ ಕಂಡಿತು.

ಎಣ್ಣೆಯನ್ನು ಕದಿಯಬಹುದು, ಕಾಯಿಯನ್ನು ಕದಿಯಬಹುದು. ಎಣಿಸುವವನು ಮಾತಿಗೆಳೆದು ಒಂದು ಜೋಡಿ ಕಾಯಿ ಹಾರಿಸುವುದನ್ನು ಅವನು ಹುಟ್ಟಿದಾಗಿನಿಂದ ಕಾಯ್ದು ಬಂದಿದ್ದಾನೆ. ಎಲ್ಲಿ ಮನುಷ್ಯನ ಕೈ ಇದೆಯೋ ಅಲ್ಲಿ ಕಣ್ಣಿಡಬೇಕೆಂದು ಕಲಿತವನು. ಗಾಜಿನ ಹಿಂದೆ ಯಾರ ಕೈಗೂ ಸಿಗದೆ ತಿರುಗುವ ಅಂಕಿಯ ಮೇಲೆ ಅನುಮಾನ ಪಡುವುದು ಅವನಿಗೆ ಹೊಳೆಯುವಂಥದ್ದೇ ಆಗಿರಲಿಲ್ಲ. ದಾರಿಯನ್ನು ಯಾರು ಕದಿಯುತ್ತಾರೆ? ಮೇಸ್ತ್ರಿ ಟೈರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. "ಈ ಟೈರು ಯಾವಾಗ ಹಾಕ್ಸಿದ್ರಿ? ನನ್ನತ್ರ ತಂದಿರ್ಲಿಲ್ಲ" ಎಂದ. ಅವನು ಎದ್ದು ಹಿಂದಿನ ತೊಟ್ಟಿಯಿಂದ ಸ್ಟೆಪ್ನಿ ಇಳಿಸಿದ. ಸ್ಟೆಪ್ನಿ ಮಾತ್ರ ಹಳೆಯ ಟೈರೇ ಆಗಿತ್ತು. ದುರ್ಗಯ್ಯ ಕೊಬ್ಬರಿ ಮೂಟೆ ಬಿಗಿಯುವ ತೆಂಗಿನ ನಾರಿನ ಹಗ್ಗ ತಂದ. ಅಳೆಯಲು ಬೇರೇನೂ ಇರಲಿಲ್ಲ. ಮೇಸ್ತ್ರಿ ಸ್ಟೆಪ್ನಿಯ ಅಂಚಿಗೊಂದು, ರಸ್ತೆಗೊಂದು ಸೀಮೆಸುಣ್ಣದ ಗೆರೆ ಎಳೆದು, ಒಂದು ಸುತ್ತು ಉರುಳಿಸಿ, ಗೆರೆ ಮತ್ತೆ ನೆಲ ಮುಟ್ಟಿದಲ್ಲಿ ಇನ್ನೊಂದು ಗೆರೆ ಎಳೆದ. ಹಗ್ಗ ಹಿಡಿದು ಮೊಳ ಹಾಕಲು ಬಗ್ಗಿದ.

"ತಾ ಇಲ್ಲಿ. ನಾನೇ ಅಳೀತೀನಿ" ಎಂದ ಶಂಭುಲಿಂಗಯ್ಯ.

ಪಂಚೆ ಎತ್ತಿಕಟ್ಟಿ ರಸ್ತೆಯ ಧೂಳಿನಲ್ಲಿ ಮೊಣಕಾಲೂರಿದ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಹಗ್ಗ ಎಳೆದು ಗಂಟು ಹಾಕುತ್ತ ಹೋದ. ಐದು ಮೊಳಕ್ಕೆ ಗೆರೆ ಮುಟ್ಟಿತು. ಆಮೇಲೆ ಗಾಡಿಯ ಟೈರಿಗೆ ಗೆರೆ ಎಳೆದು, ದುರ್ಗಯ್ಯ ಸ್ಟೇರಿಂಗ್ ಹಿಡಿದು ಕೂತ. ಮೇಸ್ತ್ರಿಯೂ ಶಂಭುಲಿಂಗಯ್ಯನೂ ಹಿಂದಿನಿಂದ ತಳ್ಳಿದರು. ತಾನು ತಳ್ಳಿ, ದುರ್ಗಯ್ಯ ಕೂತು, ಹೋಗುವುದನ್ನು ಈ ರಸ್ತೆಯಲ್ಲಿ ಯಾರಾದರೂ ನೋಡಿದರೆ ಎಂಬ ಯೋಚನೆ ಬಂತು. ಅದು ಈಗಲೂ ಬಂತಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ರಸ್ತೆಯ ಆ ತುದಿ ಈ ತುದಿ ನೋಡಿಕೊಂಡ. ಒಂದು ಸುತ್ತು. ಮತ್ತೆ ಮೊಣಕಾಲೂರಿದ. ಒಂದು, ಎರಡು, ಮೂರು, ನಾಲ್ಕು, ಐದು. ಹಗ್ಗ ಗೆರೆ ಮುಟ್ಟಲಿಲ್ಲ. ಇನ್ನೊಂದು ಪೂರಾ ಮೊಳ ಹಾಕಿದ. ಮುಟ್ಟಿತು. ಮೊಳಕೈ ಸ್ವಲ್ಪ ಸಡಿಲ ಹಿಡಿದೆನೇನೋ ಎಂದು ಇನ್ನೊಮ್ಮೆ ಅಳೆದ. ಆರು. ಅವನ ಕೈಯೇ, ಬೇರೆ ಯಾರದ್ದೂ ಅಲ್ಲ.

"ಅಷ್ಟೇ ನೋಡಿ" ಎಂದ ಮೇಸ್ತ್ರಿ, ಹಲ್ಲು ಕಾಣುವಂತೆ ನಗುತ್ತ. ಅವನ ಎಂಜಿನ್ ಗೆದ್ದಿತ್ತು. "ಗಾಡಿ ಆರು ಮೊಳ ನಡೆದ್ರೆ ಮೀಟ್ರು ಐದು ಅಂತ ಬರ್ಕಂತೈತೆ. ಅದುಕ್ಕೆ ಹಳೇ ಟೈರಿನ ಲೆಕ್ಕಾನೇ ಗೊತ್ತಿರೋದು. ಟೈರು ಬೇಕಾದ್ರೆ ಇರ್ಲಿ. ಐದಕ್ಕೆ ಒಂದು ಸೇರಿಸ್ಕಂಡು ಲೆಕ್ಕ ಇಟ್ಕಳ್ರಿ. ಹನ್ನೊಂದೂವರೆ ಕೊಡ್ತೈತೆ, ಭಾರದ ಟೈರಿಗೆ ಅದೇ ಹೆಚ್ಚು."

ದೀಪಾವಳಿಯ ಮಾರನೆಯ ವಾರ. ಹರಾಜಿಗೆ ಕೊಬ್ಬರಿ ಹೇರಿಕೊಂಡು ಹೋಗುವಾಗ, ಇದೇ ರಸ್ತೆ. ದುರ್ಗಯ್ಯ ಹೇಳಿದ್ದ: "ಯಜಮಾನ್ರೇ, ಟೈರು ಬಂದ್ಮೇಲೆ ಗಾಡಿ ಜೋರಾಗಿ ಹೋಗ್ತೈತೆ, ಮೀಟ್ರು ನಿಧಾನ ತೋರಿಸ್ತೈತೆ. ಏನೋ ಹೊಂದ್ತಾ ಇಲ್ಲ." ಆಗ ತಾನು ಕಿಟಕಿಗೆ ಮೊಳಕೈಯಿಟ್ಟು ಹೊಸ ಎತ್ತರದಿಂದ ಬೇರೆಯವರ ತೋಟಗಳನ್ನು ನೋಡುತ್ತಿದ್ದ. "ನೀನು ರಸ್ತೆ ನೋಡ್ಲಾ. ಮೀಟ್ರು ನೋಡಕ್ಕೆ ನಾನಿದೀನಿ" ಎಂದಿದ್ದ. ಈ ಮಾತು ಇಷ್ಟು ದಿನ ಎಲ್ಲಿತ್ತು? ಕಡ್ಡಿ ಕೊಯ್ಯುವಾಗ, ಕರ್ಪೂರ ತರಿಸುವಾಗ, ಎಲ್ಲಿತ್ತು? ಮರೆತಿದ್ದೆ ಎಂದು ಅವನು ತನಗೆ ಹೇಳಿಕೊಂಡ. ಹೇಳಿದ ಕೂಡಲೇ ಅದು ಕೊಳೆತ ಕಾಯಿಯ ಹಾಗೆ ಸದ್ದು ಮಾಡಿತು.

ಮೇಸ್ತ್ರಿ ಟ್ಯಾಂಕಿನ ಪೈಪನ್ನು ಮತ್ತೆ ಕೂಡಿಸಿ, ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯಲು ನಟ್ಟು ಸಡಿಲಿಸಿದ. ದುರ್ಗಯ್ಯ ಪಂಪಿನ ಗುಂಡಿ ಒತ್ತುತ್ತಿದ್ದ. ನೊರೆ ನೊರೆಯಾಗಿ ಡೀಸೆಲ್ ಉಕ್ಕಿ, ನೊರೆ ನಿಂತು, ತಿಳಿಯಾಗಿ ಹರಿಯಿತು. ಅಷ್ಟರಲ್ಲಿ ತಿಪಟೂರಿನ ಬಸ್ಸು ಬಂತು. ಮೇಸ್ತ್ರಿ ಚೀಲವನ್ನೂ ಖಾಲಿ ಬಾಟಲಿಯನ್ನೂ ಎತ್ತಿಕೊಂಡು ಓಡಿದವನು, ಮೆಟ್ಟಿಲ ಮೇಲೆ ನಿಂತು ಹಿಂದಿರುಗಿ, "ಶಂಭಣ್ಣ, ಮಾತು ನೆಪ್ಪೈತಲ್ಲ, ಕಲ್ಲತ್ರದ್ದು" ಎಂದ. ಬಸ್ಸಿನಲ್ಲಿ ಕೂತವರು ಇಣುಕಿ ನೋಡಿದರು.

ಮರಳುವಾಗ ಸೀಟಿನ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಅಲ್ಲಿ ಗಂಟು ಹಾಕಿದ ಹಗ್ಗ ಬಿದ್ದಿತ್ತು. ಹದಿನೆಂಟನೆಯ ಕಲ್ಲು ಹೋಯಿತು. ಹತ್ತೊಂಬತ್ತು.

"ಅವತ್ತೇ ಇನ್ನೊಂದು ಸಲ ಹೇಳ್ಬಾರ್ದ ನೀನು, ಮೀಟ್ರು ವಿಷ್ಯಾನ" ಎಂದ ಶಂಭುಲಿಂಗಯ್ಯ.

ದುರ್ಗಯ್ಯ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಂಗೂ ಅದು ತಲೇಗೆ ಬರ್ಲಿಲ್ಲ ಯಜಮಾನ್ರೇ. ಆಣೆ ಆದ್ಮೇಲೆ ಮೀಟ್ರು ಯಾರಿಗೆ ಬೇಕಾಗಿತ್ತು." ಎದುರಿನಿಂದ ಬಂದ ಎತ್ತಿನಗಾಡಿಗೆ ದಾರಿ ಬಿಟ್ಟ. "ಕರ ಸತ್ತಾಗ ನಾನೇ ಅನ್ಕಂಡೆ. ಎಲ್ಲೋ ನಂಗೇ ಗೊತ್ತಿಲ್ದಂಗೆ ಚೆಲ್ಲಿದೀನೇನೋ, ಕ್ಯಾನಿನಾಗೆ ಒಂದೀಟು ಉಳಿಸ್ಕಂಡು ಮನೇಗೆ ತಂದೀನೇನೋ, ದೀಪಕ್ಕೋ ಎಂತಕ್ಕೋ. ಇಲ್ದಿದ್ರೆ ಅಮ್ಮ ಸುಮ್ಕೆ ಯಾಕೆ ಹಂಗ್ಮಾಡ್ತಾಳೆ ಅಂತ. ಮನೇಲಿರೋ ಬಾಟ್ಲಿ ಎಲ್ಲಾ ಮೂಸಿ ನೋಡ್ದೆ. ನಮ್ ಲಕ್ಷ್ಮಕ್ಕ ಕೇಳಿದ್ಲು, ಏನ್ ಹುಡುಕ್ತೀಯ ಅಂತ. ಹೆಂಡ್ತಿಗೆ ಏನಂತ ಹೇಳನ."

ಶಂಭುಲಿಂಗಯ್ಯ ಕಿಟಕಿಯ ಹೊರಗೆ ನೋಡಿದ. ಕಳ್ಳನಲ್ಲದವನು ತನ್ನ ಮನೆಯಲ್ಲಿ ಕಳ್ಳಮಾಲು ಹುಡುಕುತ್ತ ಬಾಟಲಿ ಮೂಸುವುದು. ತನ್ನ ಮನೆಯಲ್ಲಿ ಗಿರಿಜಾಂಬಿಕಾ ಕಡ್ಡಿ ಮೂಸುವುದು. ಅವನಿಗೆ ಹೇಳಬೇಕಾದ್ದು ಗಂಟಲಿಗೆ ಬಂತು. ಎರಡು ಮಾತು. ಇಲ್ಲಿ, ಯಾರೂ ಇಲ್ಲದ ಕಡೆ, ಸುಲಭವಾಗಿಯೇ ಹೇಳಬಹುದು ಎನ್ನಿಸಿತು. ಹಾಗೆಯೇ, ಇಲ್ಲಿ ಹೇಳಿಬಿಟ್ಟರೆ ಅಲ್ಲಿ ಹೇಳಬೇಕಾಗಲಾರದು ಎಂದೂ ಎನ್ನಿಸಿತು. ಈ ಎರಡನೆಯದು ಬಂದ ಮೇಲೆ ಮೊದಲನೆಯದು ಬಾಯಿಂದ ಹೊರಡಲಿಲ್ಲ. ಆಣೆ ಬಿಡಿಸುವುದೇನು ದೊಡ್ಡದಲ್ಲ. ಹಾಕಿಸಿದವನು ಒಂದು ಕಾಯಿ ಒಡೆದು, ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ಕಲ್ಲಿನ ಮೇಲಿಟ್ಟು, ನನ್ನ ಮಾತು ನಾನು ವಾಪಸು ತಗೊಂಡೆ ಎಂದು ನಾಲ್ಕು ಜನ ಕೇಳುವಂತೆ ಹೇಳಬೇಕು. ಅವನ ಮನೆಯಲ್ಲಿ ಕಾಯಿಗೆ ಬರವೇ? ಬೆಳಿಗ್ಗೆಯಿಂದ ಅಂಗಳದಲ್ಲಿ ರಾಶಿ ಬಿದ್ದಿತ್ತು.

ಗುಡಿಯ ಮುಂದೆ ದುರ್ಗಯ್ಯ ಗಾಡಿ ನಿಲ್ಲಿಸಿದ. ಮನೆಯವರೆಗೆ ಹೋಗಲಿಲ್ಲ. ಎಂಜಿನ್ ಆರಿಸಲೂ ಇಲ್ಲ. ಕ್ಲಚ್ಚಿನಿಂದ ಕಾಲು ತೆಗೆದು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಾಯಿ ಒಡೆಯುವ ಕಲ್ಲು ಎಡಗಡೆಗೆ, ಶಂಭುಲಿಂಗಯ್ಯನ ಬಾಗಿಲಿನ ನೇರಕ್ಕೆ ಬಂದಿತ್ತು. ನಿಲ್ಲಿಸುವಾಗ ಅವನು ಅಳೆದೇ ನಿಲ್ಲಿಸಿರಬೇಕು. ಕಟ್ಟೆಯ ಮೇಲೆ ಲಕ್ಕಯ್ಯನೂ ಇನ್ನು ಐದಾರು ಜನವೂ ಮಾತು ನಿಲ್ಲಿಸಿ ಈ ಕಡೆ ನೋಡಿದರು. ಬಾವಿಯ ಹತ್ತಿರ ಇಬ್ಬರು ಹೆಂಗಸರು ಕೊಡ ಇಳಿಸಿ ನಿಂತರು. ಗಾಡಿ ನಡುಗುತ್ತಿತ್ತು. ಅದರ ನಡುಕ ಅವನ ತೊಡೆಗೆ, ಹಲ್ಲಿಗೆ ಹತ್ತುತ್ತಿತ್ತು. ಹೇಳು, ಎಂದುಕೊಂಡ. ಇಳಿ, ಮೊದಲು ಇಳಿ. ಬಾಯಿ ತೆರೆದ. ಅವನಿಗೇ ಗೊತ್ತಿಲ್ಲದಂತೆ ಬಂದ ಮಾತು ಇದು:

"ಆಫ್ ಮಾಡ್ಲಾ. ಎಣ್ಣೆ ಉರೀತೈತೆ."

ದುರ್ಗಯ್ಯ ಅವನ ಕಡೆ ತಿರುಗಿ ನೋಡಿದ. ಕರ್ಪೂರದ ದಿನ ನೋಡಿದ್ದ ಹಾಗಲ್ಲ. ಯಾವುದೋ ಊರಿನಲ್ಲಿ ದಾರಿ ಕೇಳಿದವನನ್ನು ನೋಡುವ ಹಾಗೆ. ಎಂಜಿನ್ ಆರಿಸಿದ. ಕೀಲಿ ತೆಗೆದು ಹಗ್ಗದ ಮೇಲಿಟ್ಟ. ತನ್ನ ಬಾಗಿಲು ತೆಗೆದು ಇಳಿದು, ಸೀಟಿನ ಹಿಂದಿನಿಂದ ಟವಲು ಎಳೆದುಕೊಂಡು ಹೆಗಲಿಗೆ ಹಾಕಿಕೊಂಡ. ಶಂಭುಲಿಂಗಯ್ಯ ಅವನು ಸುತ್ತಿ ಬಂದು ಬಾಗಿಲು ತೆಗೆಯುತ್ತಾನೆಂದು ಕಾದ. ಬಾನೆಟ್ಟಿನ ಮುಂದೆ ಅವನ ತಲೆ ಕಾಣಲಿಲ್ಲ. ತಿರುಗಿ ನೋಡಿದಾಗ ಅವನು ಆಗಲೇ ತುರುವೇಕೆರೆಯ ಬಸ್ಸು ನಿಲ್ಲುವ ಕಡೆಯ ದಾರಿ ಹಿಡಿದಿದ್ದ. ಅವಸರವಿರಲಿಲ್ಲ.

ಶಂಭುಲಿಂಗಯ್ಯ ಕಿಟಕಿಯಿಂದ ಕೈ ಹೊರಗೆ ಚಾಚಿದ. ಹೊರಗಿನ ಹಿಡಿ ಅಲ್ಲೇ, ಮೊಳಕೈ ದೂರದಲ್ಲೇ ಇತ್ತು. ಒತ್ತಿದ ಕೂಡಲೇ ಬಾಗಿಲು ತೆರೆಯಿತು. ಎರಡು ವರ್ಷದಲ್ಲಿ ಒಂದು ದಿನವೂ ಇದು ಅವನಿಗೆ ಹೊಳೆದಿರಲಿಲ್ಲ. ಇಳಿದು ಕಲ್ಲಿನ ಮುಂದೆ ನಿಂತ. ಕೈಯಲ್ಲಿ ಹಗ್ಗ ಬಂದುಬಿಟ್ಟಿತ್ತು.

"ಏನಣ್ಣ" ಎಂದ ಲಕ್ಕಯ್ಯ ಕಟ್ಟೆಯ ಮೇಲಿಂದ, "ಕಳ್ಳ ಸಿಕ್ಕಿದ್ನಾ?"

"ಸಿಕ್ದ" ಎಂದ ಶಂಭುಲಿಂಗಯ್ಯ.

ಅದರ ಮುಂದಿನ ಮಾತು ಸಿದ್ಧವಾಗಿತ್ತು. ಅವನ ನಾಲಿಗೆಯ ಮೇಲೆಯೇ ಇತ್ತು, ಒಂದೇ ಪದ, ನಾನೇ ಎನ್ನುವುದು. ಆದರೆ ಅಷ್ಟರಲ್ಲಿ ಕಟ್ಟೆಯ ಮೇಲಿದ್ದವರ ಮುಖಗಳೆಲ್ಲ ಒಟ್ಟಿಗೆ ಅವನ ಮೇಲಿಂದ ಹೊರಳಿ ರಸ್ತೆಯ ಕಡೆಗೆ, ದೂರ ಹೋಗುತ್ತಿದ್ದ ದುರ್ಗಯ್ಯನ ಬೆನ್ನಿನ ಕಡೆಗೆ ತಿರುಗಿದವು. ಬಾವಿಯ ಹೆಂಗಸರೂ ನೋಡಿದರು. ಆ ಬೆನ್ನು ಹೊಂಗೆಯ ನೆರಳಿಗೆ ಹೋಗಿ, ಬಿಸಿಲಿಗೆ ಬಂದು, ಮತ್ತೆ ನೆರಳಿಗೆ ಹೋಯಿತು. ಕೂಗಿ ಹೇಳಿದರೆ ಇನ್ನೂ ಕೇಳಿಸುವ ದೂರ. ಆಮೇಲೆ ಸ್ವಲ್ಪ ಜೋರಾಗಿ ಕೂಗಿದರೆ ಕೇಳಿಸುವ ದೂರ.

"ಬುಡಣ್ಣ" ಎಂದ ಲಕ್ಕಯ್ಯ, ಸಮಾಧಾನ ಮಾಡುವವನ ದನಿಯಲ್ಲಿ. "ಅಮ್ಮ ಆವತ್ತೇ ತೋರಿಸ್ಲಿಲ್ವಾ, ಕರ ಎತ್ಕಂಡು."

ಶಂಭುಲಿಂಗಯ್ಯ ಹಗ್ಗದ ತುದಿಯನ್ನು ಅಂಗೈಗೆ ಹಿಡಿದು ಮೊಣಕೈಗೆ ಸುತ್ತತೊಡಗಿದ. ಗಂಟುಗಳು ಒಂದೊಂದಾಗಿ ಕೈಗೆ ಸಿಕ್ಕವು. ಹಿಂದೆ ಎಂಜಿನ್ ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಆರನೆಯ ಗಂಟು ಬಂದಾಗ ತಲೆಯೆತ್ತಿ ನೋಡಿದ. ರಸ್ತೆಯ ಮೇಲೆ ಯಾರೂ ಇರಲಿಲ್ಲ.